ಬೇಸ್ ಗಿಟಾರಿನ ನಾದ: ಪೆಟ್ಟಿಗೆಯಲ್ಲಿದೆಯೆ, ಬೆರಳಿನಲ್ಲಿದೆಯೆ?

ದೂರವಾಣಿಯಲ್ಲಿ ಪರಿಚಿತರೊಬ್ಬರು 'ಹಲೋ' ಎಂದರೆ ಸಾಕು, ಮಾತನಾಡುತ್ತಿರುವವರು ಯಾರೆಂದು ನಿಮಗೆ ತಿಳಿದುಬಿಡುತ್ತದೆ. ಸಂಗೀತದಲ್ಲೂ ಹಾಗೆಯೇ. ವೀಣೆ ಕೇಳಿ ಪಳಗಿದವರು ನಾಲ್ಕು ಮೀಟು ಕೇಳುವಷ್ಟರಲ್ಲಿ ನುಡಿಸುತ್ತಿರುವವರ ಹೆಸರು ಹೇಳಬಲ್ಲರು. ಎರಡು ಸದ್ದುಗಳ ಶ್ರುತಿ ಒಂದೇ ಆಗಿರಬಹುದು, ಗಟ್ಟಿತನವೂ ಒಂದೇ ಆಗಿರಬಹುದು. ಆದರೂ ಅವನ್ನು ಬೇರೆಬೇರೆಯೆಂದು ಗುರುತಿಸಲು ನೆರವಾಗುವ ಲಕ್ಷಣಕ್ಕೆ ಭೌತವಿಜ್ಞಾನದಲ್ಲಿ ನಾದಗುಣ ಎಂದು ಹೆಸರು.

ಈ ನಾದಗುಣವನ್ನು ಪೆಟ್ಟಿಗೆಯಲ್ಲಿ ತುಂಬಿ ಮಾರಲು ಸಾಧ್ಯವೆ? ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ಅಂಥ ವ್ಯಾಪಾರವೇ ಇದೆ. ಗಿಟಾರಿಗೂ ವರ್ಧಕಕ್ಕೂ ನಡುವೆ ಜೋಡಿಸಿ, ನೆಲದ ಮೇಲಿಟ್ಟು, ಪಾದದಿಂದ ಒತ್ತಿ ಬಳಸುವ ಪುಟ್ಟ ವಿದ್ಯುನ್ಮಾನ ಪೆಟ್ಟಿಗೆಯನ್ನು ಪೆಡಲ್ ಎನ್ನುತ್ತಾರೆ. ಅದರ ಮೇಲೆ ಖ್ಯಾತ ವಾದಕರೊಬ್ಬರ ಹೆಸರಿದ್ದರೆ ಅದು 'ಸಿಗ್ನೇಚರ್ ಪೆಡಲ್'. ಬ್ಲ್ಯಾಕ್ ಸಬತ್ ತಂಡದ ಗೀಜರ್ ಬಟ್ಲರ್, ರಷ್ ತಂಡದ ಗೆಡ್ಡಿ ಲೀ, ಟೂಲ್ ತಂಡದ ಜಸ್ಟಿನ್ ಚಾನ್ಸಲರ್ ಮುಂತಾದ ಬೇಸ್ ಗಿಟಾರ್ ವಾದಕರ ಹೆಸರಿನಲ್ಲಿ ಇಂಥ ಪೆಡಲ್‌ಗಳು ಬಂದಿವೆ. ಮೆಚ್ಚಿನ ವಾದಕರ ನಾದ ತಮ್ಮ ಕೈಗೂ ಬರಲಿ ಎಂಬ ಆಸೆಯಿಂದ ಯುವಕರು ಇವನ್ನು ಕೊಳ್ಳುತ್ತಾರೆ. ಕೆಲವರಿಗೆ ತೃಪ್ತಿಯಾಗುತ್ತದೆ. ಹಲವರಿಗೆ 'ಹತ್ತಿರ ಬಂತು, ಆದರೆ ಅದೇ ಅಲ್ಲ' ಎನಿಸುತ್ತದೆ. ಹೀಗೇಕೆ? ಉತ್ತರ ಹುಡುಕಲು ಪೆಡಲ್‌ನ ಇತಿಹಾಸವನ್ನೂ ತಂತಿಯ ಭೌತವಿಜ್ಞಾನವನ್ನೂ ಒಟ್ಟಿಗೆ ನೋಡಬೇಕು.

ಮಂದ್ರದ ನಾಲ್ಕು ತಂತಿಗಳು

ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ವಾದ್ಯವೃಂದದಲ್ಲಿ ಮಂದ್ರ ಸ್ವರಗಳ ಹೊಣೆ ಆಳೆತ್ತರದ ಡಬಲ್ ಬೇಸ್‌ನದಾಗಿತ್ತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲಿಯೋ ಫೆಂಡರ್ ಅವರು 1951ರಲ್ಲಿ 'ಪ್ರಿಸಿಷನ್ ಬೇಸ್' ಎಂಬ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ವೀಣೆಗಿರುವಂತೆ ಇದಕ್ಕೂ ಮೆಟ್ಟಿಲುಗಳಿದ್ದುದರಿಂದ ಸ್ವರಸ್ಥಾನ ನಿಖರವಾಗಿ ಸಿಗುತ್ತಿತ್ತು. 'ಪ್ರಿಸಿಷನ್' ಎಂಬ ಹೆಸರು ಬಂದದ್ದು ಅದರಿಂದಲೇ. ಇದರ ಕಂಪಿಸುವ ತಂತಿಯ ಉದ್ದ ಸುಮಾರು 86 ಸೆಂಟಿಮೀಟರ್. ನಾಲ್ಕು ತಂತಿಗಳ ಆವೃತ್ತಿಗಳು ಅನುಕ್ರಮವಾಗಿ ಸುಮಾರು 41, 55, 73 ಮತ್ತು 98 ಹರ್ಟ್ಸ್.

ತಂತಿಯ ಕೆಳಗೆ ಕಾಂತವನ್ನೂ ಅದರ ಸುತ್ತ ತಾಮ್ರದ ತಂತಿಯ ಸುರುಳಿಯನ್ನೂ ಇಟ್ಟಿರುತ್ತಾರೆ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾದುಹೋಗುವ ಕಾಂತ ಪ್ರವಾಹ ಬದಲಾಗಿ, ಅದರಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವವೇ ಇದು. ಹೀಗೆ ಹುಟ್ಟಿದ ಕ್ಷೀಣ ವಿದ್ಯುತ್ ಸಂಕೇತವೇ ಪೆಡಲ್‌ಗೆ ಕಚ್ಚಾವಸ್ತು.

ಈ ಸಂಕೇತದಲ್ಲಿ ಒಂದೇ ಆವೃತ್ತಿ ಇರುವುದಿಲ್ಲ. 41 ಹರ್ಟ್ಸ್‌ನ ತಂತಿ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಗಳಲ್ಲೂ ಏಕಕಾಲಕ್ಕೆ ಕಂಪಿಸುತ್ತದೆ. ಇವೇ ಮೇಲ್ಸ್ವರಗಳು. ಆವರ್ತಕವಾದ ಯಾವ ತರಂಗವನ್ನೇ ಆದರೂ ಸರಳ ತರಂಗಗಳ ಮೊತ್ತವಾಗಿ ಬರೆಯುವ ಗಣಿತವನ್ನು ಫ್ರಾನ್ಸಿನ ಜೋಸೆಫ್ ಫೂರಿಯೆ 1822ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಬಳಸಿದರು. ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಅದನ್ನು ಕಿವಿಗೆ ಅನ್ವಯಿಸಿ, ನಾದಗುಣವು ಮುಖ್ಯವಾಗಿ ಮೇಲ್ಸ್ವರಗಳ ಪ್ರಮಾಣವನ್ನು ಅವಲಂಬಿಸಿದೆ ಎಂದು ತೋರಿಸಿಕೊಟ್ಟರು. ಸ್ವರ ಹುಟ್ಟುವ ಮತ್ತು ಅಡಗುವ ಬಗೆಯೂ ಅಷ್ಟೇ ಮುಖ್ಯವೆಂದು ನಾವು ಈಗ ಬಲ್ಲೆವು. ಪೆಡಲ್ ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಅದು ಈ ಮೇಲ್ಸ್ವರಗಳ ಲೆಕ್ಕವನ್ನು ಬದಲಿಸುತ್ತದೆ.

ಕೆಟ್ಟ ಯಂತ್ರದ ನಾದಕ್ಕಾಗಿ ಹುಡುಕಾಟ

ಪೆಡಲ್‌ನ ಕಥೆ ಆರಂಭವಾಗುವುದೇ ಒಂದು ಮಂದ್ರ ವಾದ್ಯದಿಂದ. ಅಮೆರಿಕದ ನ್ಯಾಷ್‌ವಿಲ್ ನಗರದ ಸ್ಟುಡಿಯೋ ಒಂದರಲ್ಲಿ ಗಾಯಕ ಮಾರ್ಟಿ ರಾಬಿನ್ಸ್ ಅವರ 'ಡೋಂಟ್ ವರಿ' ಹಾಡಿನ ಧ್ವನಿಮುದ್ರಣ ನಡೆದಿತ್ತು. ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ನುಡಿಸುತ್ತಿದ್ದರು. ಅವರ ಸಂಕೇತ ಹಾದುಹೋಗುತ್ತಿದ್ದ ವಾಹಿನಿ ಕೆಟ್ಟಿತ್ತು. ಆದ್ದರಿಂದ ಸದ್ದು ಒಡೆದು, ಜೇನ್ನೊಣ ಗುಂಯ್‌ಗುಟ್ಟಿದಂತೆ ಕೇಳಿಸಿತು. ಅದನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಹೊರಬಂದ ಹಾಡು ಜನಪ್ರಿಯವಾಯಿತು.

ಬೇರೆ ಕಲಾವಿದರೂ ಅದೇ ಸದ್ದು ಬೇಕೆಂದು ಕೇಳತೊಡಗಿದರು. ಅಷ್ಟರಲ್ಲಿ ಆ ಕೆಟ್ಟ ಭಾಗ ಪೂರ್ತಿಯಾಗಿ ಕೆಲಸ ನಿಲ್ಲಿಸಿತ್ತು! ಧ್ವನಿಮುದ್ರಣ ತಂತ್ರಜ್ಞ ಗ್ಲೆನ್ ಸ್ನಾಡಿ ಅವರು ಗೆಳೆಯ ರೆವಿಸ್ ಹಾಬ್ಸ್ ಜೊತೆ ಸೇರಿ, ಅದೇ ದೋಷವನ್ನು ಟ್ರಾನ್ಸಿಸ್ಟರ್‌ಗಳಿಂದ ಬೇಕೆಂದೇ ಉಂಟುಮಾಡುವ ವಿದ್ಯುನ್ಮಂಡಲ ರಚಿಸಿದರು. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು 'ಮ್ಯಾಸ್ಟ್ರೋ ಫಜ್-ಟೋನ್' ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಒಳಗಿದ್ದದ್ದು ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳು ಮತ್ತು 1.5 ವೋಲ್ಟಿನ ಎರಡು ಶುಷ್ಕಕೋಶಗಳು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನಲ್ಲಿ ಕೀತ್ ರಿಚರ್ಡ್ಸ್ ಇದನ್ನು ಬಳಸಿದ ಮೇಲೆ ಬೇಡಿಕೆ ಒಮ್ಮೆಲೇ ಏರಿತು. ಅದೇ ವರ್ಷ ಬೀಟಲ್ಸ್‌ನ 'ಥಿಂಕ್ ಫಾರ್ ಯುವರ್‌ಸೆಲ್ಫ್' ಹಾಡಿನಲ್ಲಿ ಪಾಲ್ ಮೆಕಾರ್ಟ್ನಿ ಫಜ್ ಬೇಸ್ ನುಡಿಸಿದರು.

ಈ ಪೆಟ್ಟಿಗೆಯೊಳಗೆ ನಡೆಯುವುದೇನು? ವರ್ಧಕವೊಂದು ತನ್ನ ಮಿತಿಗೆ ಮೀರಿದ ಸಂಕೇತವನ್ನು ಹೊರಗೊಡಲಾರದು. ತರಂಗದ ಶೃಂಗ ಮತ್ತು ಗರ್ತಗಳು ಕತ್ತರಿಸಿಹೋಗಿ ಚಪ್ಪಟೆಯಾಗುತ್ತವೆ. ದುಂಡನೆಯ ತರಂಗ ಚೌಕಾಕಾರಕ್ಕೆ ತಿರುಗುತ್ತದೆ. ಫೂರಿಯೆ ಲೆಕ್ಕದಂತೆ ಚೌಕ ತರಂಗದಲ್ಲಿ 3, 5, 7ನೆಯ ಮೇಲ್ಸ್ವರಗಳು ಮೂಲದ ಮೂರನೇ ಒಂದು, ಐದನೇ ಒಂದು, ಏಳನೇ ಒಂದು ಪಾರದಷ್ಟಿರುತ್ತವೆ. ಎರಡೂ ಬದಿ ಸಮನಾಗಿ ಕತ್ತರಿಸದಿದ್ದರೆ ಸಮಸಂಖ್ಯೆಯ ಮೇಲ್ಸ್ವರಗಳೂ ಸೇರಿಕೊಳ್ಳುತ್ತವೆ. ಅಂದರೆ, ತಂತಿಯಲ್ಲಿ ಇಲ್ಲದ ಅಥವಾ ತೀರ ಕ್ಷೀಣವಾಗಿದ್ದ ಮೇಲ್ಸ್ವರಗಳನ್ನು ಪೆಟ್ಟಿಗೆ ಹೊಸದಾಗಿ ಹುಟ್ಟಿಸುತ್ತದೆ.

ಬೇಸ್‌ಗೆ ಇದರಿಂದ ಇನ್ನೊಂದು ಲಾಭವಿದೆ. ಪುಟ್ಟ ರೇಡಿಯೋದ ಧ್ವನಿವರ್ಧಕ 41 ಹರ್ಟ್ಸ್‌ನ ಸದ್ದನ್ನು ಹೊರಡಿಸಲಾರದು. ಆದರೆ 165, 206, 247, 288 ಹರ್ಟ್ಸ್‌ನ ಮೇಲ್ಸ್ವರಗಳು ಕಿವಿಗೆ ಬಿದ್ದರೆ, ಅವುಗಳ ನಡುವಿನ ಸಮಾನ ಅಂತರವನ್ನು ಹಿಡಿದು ನಮ್ಮ ಶ್ರವಣ ವ್ಯವಸ್ಥೆ 41 ಹರ್ಟ್ಸ್‌ನ ಶ್ರುತಿಯನ್ನೇ ಊಹಿಸಿಕೊಳ್ಳುತ್ತದೆ. ಫಜ್ ಹಾಕಿದ ಬೇಸ್ ಸಣ್ಣ ರೇಡಿಯೋದಲ್ಲೂ ಎದ್ದು ಕೇಳಲು ಇದೂ ಒಂದು ಕಾರಣ.

ಒಂದು ಸಂಗತಿ ಗಮನಿಸಿ. ಜರ್ಮೇನಿಯಂ ಟ್ರಾನ್ಸಿಸ್ಟರ್‌ನ ಸೋರು ವಿದ್ಯುತ್ತು ತಾಪದೊಂದಿಗೆ ಏರುತ್ತದೆ. ಅದರ ವರ್ಧನಾಂಕವೂ ಒಂದರಂತೆ ಇನ್ನೊಂದಕ್ಕಿರುವುದಿಲ್ಲ. ಹೀಗಾಗಿ ಒಂದೇ ಮಾದರಿಯ ಎರಡು ಹಳೆಯ ಫಜ್ ಪೆಡಲ್‌ಗಳು ಬೇರೆಬೇರೆಯಾಗಿ ಕೇಳಿಸಬಹುದು. ಒಂದೇ ಪೆಡಲ್ ತಂಪಾದ ಸ್ಟುಡಿಯೋದಲ್ಲಿ ಒಂದು ರೀತಿ, ಬಿಸಿಯೇರಿದ ವೇದಿಕೆಯಲ್ಲಿ ಇನ್ನೊಂದು ರೀತಿ ಕೇಳಿಸಬಹುದು. ಮೆಚ್ಚಿನ ನಾದವನ್ನು ಬೆನ್ನಟ್ಟುವವರು ಎದುರಿಸುವ ಮೊದಲ ತೊಡಕು ಇದು.

ತುತ್ತೂರಿಗಾರರ ಹೆಸರಿನ ಪೆಡಲ್

ವಾದಕರೊಬ್ಬರ ಹೆಸರು ಹೊತ್ತು ಬಂದ ಮೊದಲ ಪೆಡಲ್‌ಗಳಲ್ಲಿ ಒಂದಕ್ಕೆ ಇದ್ದದ್ದು ಗಿಟಾರ್ ವಾದಕರ ಹೆಸರಲ್ಲ! ಕ್ಲೈಡ್ ಮೆಕಾಯ್ ತುತ್ತೂರಿ, ಅಂದರೆ ಟ್ರಂಪೆಟ್ ವಾದಕರು. ತುತ್ತೂರಿಯ ಬಾಯಿಗೆ ಮುಚ್ಚಳದಂಥ ಸಾಧನ ಹಿಡಿದು ತೆಗೆದು 'ವಾ-ವಾ' ಎಂಬ ಸದ್ದು ಹೊರಡಿಸುವುದರಲ್ಲಿ ಹೆಸರಾದವರು. 1966ರಲ್ಲಿ ಕ್ಯಾಲಿಫೋರ್ನಿಯದ ಥಾಮಸ್ ಆರ್ಗನ್ ಕಂಪನಿಯ ಎಂಜಿನಿಯರ್ ಬ್ರ್ಯಾಡ್ ಪ್ಲಂಕೆಟ್ ಅವರು ವರ್ಧಕದ ಮಧ್ಯಮ ಆವೃತ್ತಿಗಳನ್ನು ಎತ್ತುವ ಸ್ವಿಚ್ಚಿನ ಬದಲಿಗೆ ತಿರುಗಿಸುವ ರೋಧಕವನ್ನು ಜೋಡಿಸಿದರು. ಅದನ್ನು ತಿರುಗಿಸಿದಾಗ ಈ 'ವಾ' ಸದ್ದು ಬಂತು. ಆ ಮಂಡಲವನ್ನು ಆರ್ಗನ್ನಿನ ಪಾದಪಟ್ಟಿಗೆ ಅಳವಡಿಸಿದರು. 1967ರಲ್ಲಿ ಅದು ಮೆಕಾಯ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಇದರ ತತ್ವ ಅನುರಣನೆ. ಪ್ರೇರಕ ಮತ್ತು ಧಾರಕಗಳ ಜೋಡಿ ಒಂದು ನಿರ್ದಿಷ್ಟ ಆವೃತ್ತಿಯನ್ನು ಎತ್ತಿ ಹಿಡಿಯುತ್ತದೆ. 0.5 ಹೆನ್ರಿಯ ಪ್ರೇರಕಕ್ಕೆ 0.01 ಮೈಕ್ರೋಫ್ಯಾರಡ್ ಧಾರಕ ಸೇರಿಸಿದರೆ ಅನುರಣನ ಆವೃತ್ತಿ ಸುಮಾರು 2250 ಹರ್ಟ್ಸ್. ಪಾದಪಟ್ಟಿ ಸರಿದಂತೆ ಟ್ರಾನ್ಸಿಸ್ಟರ್ ಆ ಧಾರಕತೆ 25 ಪಟ್ಟು ಹೆಚ್ಚಿದಂತೆ ತೋರಿಸಿದರೆ, ಆವೃತ್ತಿ ಐದನೇ ಒಂದು ಭಾಗಕ್ಕೆ, ಅಂದರೆ ಸುಮಾರು 450 ಹರ್ಟ್ಸ್‌ಗೆ ಇಳಿಯುತ್ತದೆ. ನೀವು 'ಊ' ಎನ್ನುತ್ತ ಬಾಯಿ ತೆರೆದು 'ಆ' ಎಂದು ನೋಡಿ. ಬಾಯಿಯ ಪೊಳ್ಳಿನ ಅನುರಣನ ಆವೃತ್ತಿಗಳು ಮೇಲೇರುತ್ತವೆ. ಪೆಡಲ್ ಮಾಡುವುದೂ ಇದನ್ನೇ. 1970ರಲ್ಲಿ ಗೀಜರ್ ಬಟ್ಲರ್ ಅವರು ಬ್ಲ್ಯಾಕ್ ಸಬತ್‌ನ ಮೊದಲ ಆಲ್ಬಮ್ಮಿನಲ್ಲಿ ಬೇಸ್ ಗಿಟಾರನ್ನು ವಾ ಪೆಡಲ್ ಮೂಲಕ ನುಡಿಸಿದರು. ಅವರ ಹೆಸರಿನ ವಾ ಪೆಡಲ್ ಬಂದದ್ದು ದಶಕಗಳ ನಂತರ.

ಮಂದ್ರ ಸೋರಿಹೋಗುವ ತೊಂದರೆ

ಮಾಮೂಲಿ ಗಿಟಾರಿಗಾಗಿ ಮಾಡಿದ ಪೆಡಲ್‌ಗೆ ಬೇಸ್ ಜೋಡಿಸಿದಾಗ ಸದ್ದು ತೆಳುವಾಗುವುದನ್ನು ವಾದಕರು ಬಹಳ ಬೇಗ ಗಮನಿಸಿದರು. ಕಾರಣ ಸರಳ. ವಿದ್ಯುನ್ಮಂಡಲದ ಹಂತಗಳ ನಡುವೆ ಧಾರಕಗಳನ್ನು ಇಟ್ಟಿರುತ್ತಾರೆ. ಧಾರಕವೂ ರೋಧಕವೂ ಸೇರಿದರೆ ಕೆಳ ಆವೃತ್ತಿಗಳನ್ನು ತಡೆಯುವ ಶೋಧಕವಾಗುತ್ತದೆ. ರೋಧ ಮತ್ತು ಧಾರಕತೆಗಳ ಗುಣಲಬ್ಧವನ್ನು 2 ಪೈಯಿಂದ ಗುಣಿಸಿ, 1ನ್ನು ಆ ಮೊತ್ತದಿಂದ ಭಾಗಿಸಿದರೆ ಅದರ ಮಿತಿ ಆವೃತ್ತಿ ದೊರೆಯುತ್ತದೆ.

ಉದಾಹರಣೆಗೆ 1 ಲಕ್ಷ ಓಮ್ ರೋಧ ಮತ್ತು 0.01 ಮೈಕ್ರೋಫ್ಯಾರಡ್ ಧಾರಕ ತೆಗೆದುಕೊಳ್ಳಿ. ಮಿತಿ ಆವೃತ್ತಿ 159 ಹರ್ಟ್ಸ್. ಇದನ್ನು ದಾಟುವಾಗ 41 ಹರ್ಟ್ಸ್‌ನ ಸಂಕೇತದ ಪಾರ ಕಾಲು ಭಾಗಕ್ಕೆ ಕುಗ್ಗುತ್ತದೆ. ಧಾರಕವನ್ನು ಹತ್ತು ಪಟ್ಟು ದೊಡ್ಡದು ಮಾಡಿದರೆ ಮಿತಿ 16 ಹರ್ಟ್ಸ್‌ಗೆ ಇಳಿದು ಮಂದ್ರ ಉಳಿಯುತ್ತದೆ.

ಎರಡನೆಯ ಉಪಾಯ ಸಂಕೇತವನ್ನು ಎರಡು ದಾರಿಗಳಲ್ಲಿ ಕಳಿಸುವುದು. ಒಂದು ದಾರಿಯಲ್ಲಿ ಮಂದ್ರ ಶುದ್ಧವಾಗಿ ಸಾಗುತ್ತದೆ, ಇನ್ನೊಂದರಲ್ಲಿ ವಿರೂಪ ಸೇರುತ್ತದೆ, ಕೊನೆಗೆ ಎರಡನ್ನೂ ಬೆರೆಸುತ್ತಾರೆ. ಕೆನಡಾದ ರಷ್ ತಂಡದ ಗೆಡ್ಡಿ ಲೀ ಅವರ ಹೆಸರಿನಲ್ಲಿ ನ್ಯೂಯಾರ್ಕಿನ ಟೆಕ್ 21 ಕಂಪನಿ ತಯಾರಿಸಿದ ಉಪಕರಣದ ಮೂಲ ವಿನ್ಯಾಸ ಇದೇ. ಈ ಕಂಪನಿ 1989ರಿಂದ, ನಿರ್ವಾತ ನಳಿಕೆಯ ವರ್ಧಕ ಮತ್ತು ಧ್ವನಿವರ್ಧಕದ ಪೆಟ್ಟಿಗೆ ನೀಡುವ ನಾದವನ್ನು ಪುಟ್ಟ ಮಂಡಲದಲ್ಲಿ ಅನುಕರಿಸುವ 'ಸ್ಯಾನ್ಸ್‌ಆಂಪ್' ಸಾಧನಗಳನ್ನು ತಯಾರಿಸುತ್ತ ಬಂದಿದೆ. ಗೆಡ್ಡಿ ಲೀ ಅವರು ವೇದಿಕೆಯ ಮೇಲೆ ವರ್ಧಕ ಇಡುವುದನ್ನೇ ಬಿಟ್ಟು, ಸಂಕೇತವನ್ನು ನೇರವಾಗಿ ಸಭಾಂಗಣದ ಧ್ವನಿ ವ್ಯವಸ್ಥೆಗೆ ಕಳಿಸತೊಡಗಿದರು. ಖಾಲಿಬಿದ್ದ ಜಾಗಕ್ಕೆ 2002ರ ಪ್ರವಾಸದಲ್ಲಿ ಬಟ್ಟೆ ಒಣಗಿಸುವ ಯಂತ್ರಗಳನ್ನು ತಂದು ಸಾಲಾಗಿ ನಿಲ್ಲಿಸಿದ್ದರು!

ಬೆರಳಿಗೆ ಓಗೊಡುವ ಪೆಟ್ಟಿಗೆ

ಇಲ್ಲಿಯವರೆಗಿನ ಪೆಡಲ್‌ಗಳಲ್ಲಿ ಕೆಲಸ ಪೆಟ್ಟಿಗೆಯದು, ನಿಯಂತ್ರಣ ಪಾದದ್ದು. 1972ರಲ್ಲಿ ಮೈಕ್ ಬೈಗಲ್ ವಿನ್ಯಾಸಗೊಳಿಸಿದ, ಅಮೆರಿಕದ ಮ್ಯೂಸಿಟ್ರಾನಿಕ್ಸ್ ಕಂಪನಿಯ 'ಮ್ಯೂ-ಟ್ರಾನ್ 3' ಇದನ್ನು ಬದಲಿಸಿತು. ಅದರಲ್ಲಿ ಅನುರಣನ ಆವೃತ್ತಿಯನ್ನು ಸರಿಸುವುದು ಪಾದವಲ್ಲ, ಸಂಕೇತದ ಬಲ. ತಂತಿಯನ್ನು ಜೋರಾಗಿ ಮೀಟಿದರೆ ಒಳಗಿನ ದೀಪ ಹೆಚ್ಚು ಬೆಳಗುತ್ತದೆ. ಬೆಳಕು ಬಿದ್ದು ಪ್ರಕಾಶರೋಧಕದ ರೋಧ ಇಳಿಯುತ್ತದೆ. ಶೋಧಕದ ಆವೃತ್ತಿ ಸರಿದು, ಸ್ವರ ತಾನಾಗಿ ಬಾಯಿ ತೆರೆದಂತೆ ಕೇಳುತ್ತದೆ. ಬೂಟ್ಸಿ ಕಾಲಿನ್ಸ್ ಅವರ ಬೇಸ್‌ನ ನೀರು ಗುಳುಗುಳಿಸಿದಂಥ ನಾದಕ್ಕೆ ಇದು ಹೆಸರಾಯಿತು.

ಅವರ ನಾದಕ್ಕಾಗಿ ಅದೇ ಪೆಡಲ್ ಕೊಂಡವರ ಪಾಡು ಯೋಚಿಸಿ. ಪೆಡಲ್ ಕಾದು ಕುಳಿತಿರುವುದು ಬೆರಳಿನ ಬಲಕ್ಕೆ. ಮೀಟಿನ ಬಲ, ಎರಡು ಮೀಟುಗಳ ನಡುವಿನ ಬಿಡುವು, ತಂತಿಯನ್ನು ಅದುಮಿ ಸ್ವರ ನಿಲ್ಲಿಸುವ ಕ್ಷಣ ಇವೆಲ್ಲ ಬೇರೆಯಾದರೆ ಶೋಧಕದ ಚಲನೆಯೂ ಬೇರೆಯಾಗುತ್ತದೆ. ಪೆಟ್ಟಿಗೆ ಅದೇ, ಆದರೆ ಅದಕ್ಕೆ ಸಿಗುವ ಆಜ್ಞೆ ಬೇರೆ.

ಪೆಡಲ್ ಇಲ್ಲದ ಖ್ಯಾತಿ

ಇನ್ನು ಜೇಮ್ಸ್ ಜೇಮರ್ಸನ್ ಅವರನ್ನು ನೋಡಿ. ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ 1960ರ ದಶಕದ ಅಸಂಖ್ಯ ಜನಪ್ರಿಯ ಹಾಡುಗಳಲ್ಲಿ ಬೇಸ್ ನುಡಿಸಿದವರು ಇವರು. 1983ರಲ್ಲಿ ತೀರಿಕೊಂಡ ಇವರ ನಾದವನ್ನು ಇಂದಿಗೂ ವಾದಕರು ಬೆನ್ನಟ್ಟುತ್ತಾರೆ. ಆದರೆ ಅವರ ನಾದದ ಹಿಂದೆ ಪೆಡಲ್‌ಗಳಿರಲಿಲ್ಲ. 1962ರ ಪ್ರಿಸಿಷನ್ ಬೇಸ್, ನುಣುಪು ಮೈಯ ದಪ್ಪ ತಂತಿಗಳು, ಕುದುರೆಯ ಮುಚ್ಚಳದಡಿ ಒಂದು ತುಂಡು ಸ್ಪಂಜು, ಮೀಟಲು ಒಂದೇ ತೋರುಬೆರಳು, ಇಷ್ಟೇ. ಆ ಬೆರಳಿಗೆ 'ಕೊಕ್ಕೆ' ಎಂಬ ಅಡ್ಡಹೆಸರಿತ್ತು. ತಂತಿಗಳನ್ನು ಅವರು ಬದಲಿಸುತ್ತಲೇ ಇರಲಿಲ್ಲ. ಬೆವರು, ಕೊಳೆ ಹಿಡಿದ ಹಳೆಯ ತಂತಿಯಲ್ಲೂ ಸ್ಪಂಜು ತಾಕುವ ತಂತಿಯಲ್ಲೂ ಮೇಲಿನ ಮೇಲ್ಸ್ವರಗಳು ಬೇಗ ಅಡಗುತ್ತವೆ. ಆದ್ದರಿಂದ ದುಂಡನೆಯ, ಮೆತ್ತನೆಯ ನಾದ.

ಎಲ್ಲಿ ಮೀಟುತ್ತೇವೆ ಎಂಬುದೂ ಮುಖ್ಯ. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಮೇಲ್ಸ್ವರಕ್ಕೆ ನಿಸ್ಪಂದ ಇರುತ್ತದೆಯೋ ಆ ಮೇಲ್ಸ್ವರ ಹುಟ್ಟುವುದಿಲ್ಲ ಎಂದು ಇಂಗ್ಲೆಂಡಿನ ಥಾಮಸ್ ಯಂಗ್ 1800ರಲ್ಲೇ ತಿಳಿಸಿದ್ದರು. ಆದರ್ಶ ತಂತಿಯೊಂದನ್ನು ನಟ್ಟನಡುವೆ ಮೀಟಿದರೆ ಎರಡನೆಯ ಮೇಲ್ಸ್ವರದ ಪಾರ ಸೊನ್ನೆ, ಮೂರನೆಯದು ಮೂಲದ ಶೇಕಡ 11ರಷ್ಟು. ಅದೇ ತಂತಿಯನ್ನು ಕುದುರೆಯಿಂದ ಹತ್ತನೇ ಒಂದು ಭಾಗ ದೂರದಲ್ಲಿ ಮೀಟಿದರೆ ಎರಡನೆಯದು ಶೇಕಡ 48, ಮೂರನೆಯದು ಶೇಕಡ 29. ಬೆರಳನ್ನು ಕೆಲವು ಸೆಂಟಿಮೀಟರ್ ಸರಿಸುವುದು ಪೆಡಲ್‌ನ ಗುಂಡಿ ತಿರುಗಿಸುವುದಕ್ಕಿಂತ ಕಡಿಮೆ ಪರಿಣಾಮದ್ದೇನಲ್ಲ.

ನಮ್ಮ ತಂಬೂರಿ ಈ ನಿಯಮವನ್ನು ಮೀರುತ್ತದೆ ಎಂದು ಸಿ.ವಿ. ರಾಮನ್ ಅವರು 1921ರಲ್ಲಿ, ಕೊಲ್ಕತ್ತದಲ್ಲಿದ್ದಾಗ ತೋರಿಸಿದ್ದರು. ತಂಬೂರಿಯ ಕುದುರೆ ಅಗಲವಾಗಿದ್ದು ಅದರ ಮೇಲ್ಮೈ ಬಾಗಿರುತ್ತದೆ. ತಂತಿಯ ಕೆಳಗೆ ನೂಲಿನ ಎಳೆ ಇಟ್ಟಿರುತ್ತಾರೆ. ಕಂಪಿಸುವ ತಂತಿ ಪ್ರತಿ ಆವರ್ತನೆಯಲ್ಲೂ ಕುದುರೆಯನ್ನು ಸವರುವುದರಿಂದ, ಮೀಟಿದಾಗ ಇಲ್ಲದ ಮೇಲ್ಸ್ವರಗಳೂ ಹುಟ್ಟಿಕೊಳ್ಳುತ್ತವೆ. ಎಳೆಯನ್ನು ಕೂದಲೆಳೆಯಷ್ಟು ಸರಿಸಿ ನಾದದ 'ಜೀವ' ಹುಡುಕುವ ನಮ್ಮ ಸಂಗೀತಗಾರರೂ, ಫಜ್ ಪೆಡಲ್‌ನ ಗುಂಡಿ ತಿರುಗಿಸುವ ಬೇಸ್ ವಾದಕರೂ ಬದಲಿಸುತ್ತಿರುವುದು ಮೇಲ್ಸ್ವರಗಳ ಲೆಕ್ಕವನ್ನೇ. ವಿಧಾನ ಮಾತ್ರ ಬೇರೆ.

ಹಾಗಾದರೆ ಸಿಗುವುದೇನು, ಸಿಗದ್ದೇನು?

ಹಾಡಿನಲ್ಲಿ ನಾವು ಕೇಳುವ ಬೇಸ್ ನಾದ ಒಂದು ಸರಪಳಿಯ ಕೊನೆಯ ಕೊಂಡಿ. ಬೆರಳು, ತಂತಿ, ಕಾಂತ ಮತ್ತು ಸುರುಳಿ, ಪೆಡಲ್, ವರ್ಧಕ, ಧ್ವನಿವರ್ಧಕ, ಮೈಕ್, ಸ್ಟುಡಿಯೋದ ಮಿಶ್ರಣ, ಇಷ್ಟನ್ನೂ ದಾಟಿ ಅದು ನಮ್ಮನ್ನು ತಲುಪುತ್ತದೆ. ಜೊತೆಗೆ ಡ್ರಮ್ ಮತ್ತು ಗಿಟಾರಿನ ಸದ್ದು ಅದರ ಕೆಲವು ಮೇಲ್ಸ್ವರಗಳನ್ನು ಮರೆಮಾಚಿರುತ್ತದೆ. ಸಿಗ್ನೇಚರ್ ಪೆಡಲ್ ಈ ಸರಪಳಿಯ ಒಂದೆರಡು ಕೊಂಡಿಗಳನ್ನು ಪ್ರಾಮಾಣಿಕವಾಗಿ ಅನುಕರಿಸಬಲ್ಲದು. ಶೋಧಕದ ಆವೃತ್ತಿಗಳನ್ನೂ ವಿರೂಪದ ಬಗೆಯನ್ನೂ ಅಳೆದು ಮತ್ತೆ ಕಟ್ಟಬಹುದು. 2011ರಲ್ಲಿ ಜರ್ಮನಿಯ ಕೆಂಪರ್ ಕಂಪನಿ ಪರಿಚಯಿಸಿದ ಸಾಧನ, ವರ್ಧಕಕ್ಕೆ ಪರೀಕ್ಷಾ ಸಂಕೇತಗಳನ್ನು ಕಳಿಸಿ ಅದರ ವರ್ತನೆಯನ್ನು ಅಂಕೀಯವಾಗಿ ದಾಖಲಿಸಿಕೊಳ್ಳುತ್ತದೆ. ಇಂದು ನರಜಾಲ ಮಾದರಿಯ ಗಣಕ ವಿಧಾನಗಳೂ ಈ ಕೆಲಸ ಮಾಡುತ್ತವೆ. ಆದರೆ ಇವು ದಾಖಲಿಸುವುದು ಪೆಟ್ಟಿಗೆಯನ್ನು. ಪೆಟ್ಟಿಗೆಗೆ ಬರುವ ಸಂಕೇತ ನಿಮ್ಮ ಬೆರಳಿನದೇ ಆಗಿರುತ್ತದೆ.

ಇದನ್ನು ನಂಬಬೇಕಾಗಿಲ್ಲ, ಪರೀಕ್ಷಿಸಬಹುದು. ಕಾಲೇಜಿನ ಪ್ರಯೋಗಾಲಯದ ಸೋನೋಮೀಟರಿನ ತಂತಿಯನ್ನು ಸುಮಾರು 200 ಹರ್ಟ್ಸ್‌ಗೆ ಹೊಂದಿಸಿ. ಮೊದಲು ನಡುವೆ, ಆಮೇಲೆ ತುದಿಯಿಂದ ಹತ್ತನೇ ಒಂದು ಭಾಗದಲ್ಲಿ ಮೀಟಿ. ಎರಡನ್ನೂ ಮೊಬೈಲಿನಲ್ಲಿ ಮುದ್ರಿಸಿಕೊಂಡು, ಉಚಿತವಾಗಿ ದೊರೆಯುವ ಅಡಾಸಿಟಿ ತಂತ್ರಾಂಶದಲ್ಲಿ ರೋಹಿತ ನೋಡಿ. ಮೊದಲ ಚಿತ್ರದಲ್ಲಿ 400 ಹರ್ಟ್ಸ್‌ನ ಶಿಖರ ಕುಗ್ಗಿರುತ್ತದೆ. ಪೂರ್ತಿ ಸೊನ್ನೆಯಾಗುವುದಿಲ್ಲ, ಬೆರಳಿಗೆ ಅಗಲವಿದೆ, ತಂತಿಗೆ ಬಿಗುವಿದೆ. ಏಕೆಂದು ವಿದ್ಯಾರ್ಥಿಗಳೇ ಚರ್ಚಿಸಲಿ.

ಗಿಟಾರ್ ಇರುವ ಕಡೆ ಇನ್ನೊಂದು ಪ್ರಯೋಗ ಮಾಡಿ. ಇಬ್ಬರು ವಿದ್ಯಾರ್ಥಿಗಳು ಒಂದೇ ವಾದ್ಯದಲ್ಲಿ, ಒಂದೇ ಸ್ವರಗುಚ್ಛವನ್ನು ಹತ್ತು ಹತ್ತು ಬಾರಿ ನುಡಿಸಲಿ. ಮುದ್ರಿಕೆಗಳನ್ನು ಕಲಸಿ, ಹೆಸರು ಹೇಳದೆ ತರಗತಿಗೆ ಕೇಳಿಸಿ. ಯಾರ ಬೆರಳೆಂದು ಎಷ್ಟು ಸಲ ಸರಿಯಾಗಿ ಗುರುತಿಸಿದರೆಂದು ಎಣಿಸಿ. ಬರಿಯ ಊಹೆಗೆ ಇಪ್ಪತ್ತರಲ್ಲಿ ಹತ್ತು ಸರಿಯಾಗಬಹುದು. ಅದಕ್ಕಿಂತ ಬಹಳ ಹೆಚ್ಚು ಬಂದರೆ, ವಾದ್ಯ ಒಂದೇ ಆಗಿದ್ದರೂ ಬೆರಳು ತನ್ನ ಗುರುತನ್ನು ಬಿಟ್ಟಿದೆ ಎಂದಾಯಿತು. ಹೆಸರು ಹೊತ್ತ ಪೆಡಲ್‌ಗೆ ದುಡ್ಡು ಕೊಡುವ ಮುನ್ನ ವಿದ್ಯಾರ್ಥಿಯೊಬ್ಬ ಈ ಎಣಿಕೆ ಮಾಡಿ ನೋಡಿದರೆ ಸಾಕು, ಪೆಟ್ಟಿಗೆಯಿಂದ ಎಷ್ಟನ್ನು ನಿರೀಕ್ಷಿಸಬೇಕು, ಅಭ್ಯಾಸದಿಂದ ಎಷ್ಟನ್ನು ಸಂಪಾದಿಸಬೇಕು ಎಂಬುದು ಅವನಿಗೇ ತಿಳಿಯುತ್ತದೆ.